ಸೇವಾಸಂಸ್ಥೆಗಳೂ ಬರೆಯುವ ಯಂತ್ರವೂ

ಹಸಿದಾಗ ಉಣ್ಣುವುದು ಮನುಷ್ಯನಿಗೆ ಉಸಿರಾಟದಷ್ಟೇ ಸಹಜವೆಂದು ನಾವು ಭಾವಿಸಿದ್ದೇವೆ. ಆದರೆ ಉಣ್ಣುವುದೇ ಒಂದು ಭಯವಾಗಿ, ಮೈತೂಕದ ಚಿಂತೆಯೊಂದೇ ಮನಸ್ಸನ್ನೆಲ್ಲ ಆಕ್ರಮಿಸಿ, ಹಸಿವನ್ನು ಅದುಮಿ ಅದುಮಿ ದೇಹವನ್ನು ಸೊರಗಿಸಿಕೊಳ್ಳುವ ಮನೋವ್ಯಾಧಿಗಳುಂಟು. ಪ್ರಾಣಕ್ಕೆ ಎರವಾಗುವ ಮನೋರೋಗಗಳಲ್ಲಿ ಇವು ಮುಂಚೂಣಿಯಲ್ಲಿವೆ. ಅಮೆರಿಕದಲ್ಲಿ ಇಂಥ ರೋಗಿಗಳ ನೆರವಿಗೆಂದೇ ಇರುವ ‘ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್’ ಎಂಬ ಸೇವಾಸಂಸ್ಥೆಯು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಒಂದು ಸಹಾಯವಾಣಿಯನ್ನು ನಡೆಸುತ್ತಿದ್ದಿತು. ಸಂಬಳದ ನೌಕರರು ಬೆರಳೆಣಿಕೆಯಷ್ಟು. ಉಳಿದ ಸುಮಾರು 200 ಮಂದಿ ಸ್ವಯಂಸೇವಕರು. 2023ನೆಯ ಇಸವಿಯ ಮಾರ್ಚಿಯಲ್ಲಿ, ನೌಕರರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡ ಕೆಲವೇ ದಿನಗಳಲ್ಲಿ, ಸಹಾಯವಾಣಿಯನ್ನು ಮುಚ್ಚುವುದಾಗಿ ಸಂಸ್ಥೆಯು ಅವರಿಗೆ ತಿಳಿಸಿತು. ದೂರವಾಣಿ ಹೋದಮೇಲೆ ಜನರಿಗೆ ಉಳಿಯಬೇಕಾಗಿದ್ದ ಸಾಧನಗಳಲ್ಲಿ ಒಂದು ‘ಟೆಸ್ಸಾ’ ಎಂಬ ಸಂಭಾಷಣಾ ಯಂತ್ರ.

ಮುಚ್ಚುವ ದಿನ ಜೂನ್ 1 ಎಂದು ಗೊತ್ತಾಗಿತ್ತು. ಅದಕ್ಕೆ ಎರಡು ದಿನ ಮೊದಲೇ, ಮೇ 30ರಂದು, ಟೆಸ್ಸಾವನ್ನೇ ನಿಲ್ಲಿಸಬೇಕಾಗಿ ಬಂದಿತು. ಹಿಂದೆ ಈ ವ್ಯಾಧಿಯಿಂದ ನರಳಿ ಚೇತರಿಸಿಕೊಂಡಿದ್ದ ಮಹಿಳೆಯೊಬ್ಬರು ಅದರೊಡನೆ ಮಾತನಾಡಿ ನೋಡಿದರು. ವಾರಕ್ಕೆ ಒಂದೆರಡು ಪೌಂಡು ತೂಕ ಇಳಿಸಬಹುದೆಂದೂ, ಅದಕ್ಕಾಗಿ ದಿನಕ್ಕೆ 500ರಿಂದ 1,000 ಕ್ಯಾಲೊರಿಗಳಷ್ಟು ಆಹಾರವನ್ನು ಕಡಮೆ ಮಾಡಬೇಕೆಂದೂ ಯಂತ್ರವು ಅವರಿಗೆ ಉಪದೇಶಿಸಿತು. ಸ್ಥೂಲಕಾಯದ ಗೃಹಸ್ಥರೊಬ್ಬರಿಗೆ ವೈದ್ಯರು ಹೇಳಬಹುದಾದ ಮಾತೇ ಇದು; ಅದರಲ್ಲಿ ಸುಳ್ಳಿಲ್ಲ. ಆದರೆ ಉಪವಾಸವನ್ನೇ ರೋಗವಾಗಿ ಅನುಭವಿಸುತ್ತಿರುವವರಿಗೆ ಇದೇ ಮಾತನ್ನು ಹೇಳುವುದು ಕುಡಿತ ಬಿಡಲು ಬಂದವನಿಗೆ ಹೆಂಡದಂಗಡಿಯ ದಾರಿ ತೋರಿಸಿದಂತೆ.

ಟೆಸ್ಸಾ ಮೊದಲಿನಿಂದಲೂ ಹೀಗಿರಲಿಲ್ಲವೆಂಬುದು ಈ ಪ್ರಕರಣದ ಬಹು ಮುಖ್ಯವಾದ ಅಂಶ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದನ್ನು ರೂಪಿಸಿದಾಗ ಅದು ತಾನಾಗಿ ಒಂದು ವಾಕ್ಯವನ್ನೂ ಕಟ್ಟುತ್ತಿರಲಿಲ್ಲ. ತಜ್ಞರು ಬರೆದಿಟ್ಟ ಮಾತುಗಳನ್ನು, ಬಸ್ಸಿನ ಕಂಡಕ್ಟರನು ಅಚ್ಚಾದ ಟಿಕೆಟನ್ನು ಹರಿದು ಕೊಡುವಂತೆ, ಒಂದೊಂದಾಗಿ ಕೊಡುತ್ತಿದ್ದಿತು, ಅಷ್ಟೆ. 700 ಮಂದಿ ಮಹಿಳೆಯರ ಮೇಲೆ ಅದರ ಪರೀಕ್ಷೆ ನಡೆದು, ಅದರಿಂದ ಪ್ರಯೋಜನವುಂಟೆಂಬ ವರದಿಯು 2022ರಲ್ಲಿ ಪ್ರಕಟವಾಯಿತು. ಈ ನಡುವೆ ಯಂತ್ರವನ್ನು ನಡೆಸುತ್ತಿದ್ದ ವ್ಯಾಪಾರಿ ಕಂಪನಿಯು ಅದಕ್ಕೆ ಹೊಸದೊಂದು ಭಾಗವನ್ನು ಕೂಡಿಸಿತು: ತಾನೇ ವಾಕ್ಯ ಕಟ್ಟುವ ಭಾಗವನ್ನು. ಇದು ಕರಾರಿಗೆ ಒಳಪಟ್ಟ ಸುಧಾರಣೆಯೇ ಎಂದು ಕಂಪನಿಯು ಹೇಳಿತು. ತಮಗೆ ಇದು ತಿಳಿದೇ ಇರಲಿಲ್ಲವೆಂದು ಸಂಸ್ಥೆಯವರು ಹೇಳಿದರು. ಆ ವ್ಯಾಜ್ಯವನ್ನು ಅವರೇ ತೀರಿಸಿಕೊಳ್ಳಲಿ. ನಾವು ಗಮನಿಸತಕ್ಕದ್ದು ಇಷ್ಟು: ಪರೀಕ್ಷೆಗೆ ಒಳಗಾದ ಯಂತ್ರ ಒಂದು, ರೋಗಿಗಳ ಮುಂದೆ ನಿಂತ ಯಂತ್ರ ಇನ್ನೊಂದು; ಹೆಸರು ಮಾತ್ರ ಎರಡಕ್ಕೂ ಒಂದೇ.

‘ಜನರೇಟಿವ್ ಎ.ಐ.’ ಎಂದು ಪತ್ರಿಕೆಗಳು ಕರೆಯುತ್ತಿರುವ ಈ ವಾಕ್ಯ ಕಟ್ಟುವ ಯಂತ್ರದ ಸ್ವಭಾವವನ್ನು ಸ್ಥೂಲವಾಗಿಯಾದರೂ ತಿಳಿಯದೆ ಮುಂದಿನ ಮಾತು ಅರ್ಥವಾಗಲಾರದು. ‘ಮಳೆ ಬಂದು ಕೆರೆ’ ಎಂದು ಯಾರಾದರೂ ಆರಂಭಿಸಿದರೆ ‘ತುಂಬಿತು’ ಎಂಬ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಕೋಟ್ಯಂತರ ಪುಟಗಳ ಬರಹವನ್ನು ಜಾಲಿಸಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಎಷ್ಟು ಎಂಬ ಲೆಕ್ಕವನ್ನು ಈ ಯಂತ್ರವು ತನ್ನೊಳಗೆ ಅಳವಡಿಸಿಕೊಂಡಿರುತ್ತದೆ. ಪ್ರಶ್ನೆ ಬಂದೊಡನೆ ಮಾತಿನ ತುಣುಕುಗಳನ್ನು ಒಂದಾದಮೇಲೊಂದರಂತೆ ಆ ಸಂಭವದ ಆಧಾರದ ಮೇಲೆ ಪೋಣಿಸುತ್ತದೆ. ಫಲವಾಗಿ ಬರುವ ಬರಹವು ಸುಸಂಬದ್ಧವಾಗಿರುತ್ತದೆ, ವಿನಯದಿಂದ ಕೂಡಿರುತ್ತದೆ, ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ಆದರೆ ನಿಜವಾದ ವಾಕ್ಯವನ್ನು ಯಾವ ಕ್ರಮದಿಂದ ಕಟ್ಟಿತೋ ಸುಳ್ಳು ವಾಕ್ಯವನ್ನೂ ಅದೇ ಕ್ರಮದಿಂದ ಕಟ್ಟುತ್ತದೆ. ಎರಡರ ಧ್ವನಿಯಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವಿರದು. ಲೋಕದ ಬರಹಗಳಲ್ಲಿ ‘ತೂಕ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಬರುವುದು ‘ಇಳಿಸುವುದು’ ಎಂಬ ಮಾತೇ ಅಲ್ಲವೆ? ಟೆಸ್ಸಾ ಹಾಗೆ ಮಾತನಾಡಿದ್ದು ಯಂತ್ರ ಕೆಟ್ಟು ಅಲ್ಲ, ಯಂತ್ರ ತನ್ನ ಸ್ವಭಾವದಂತೆ ನಡೆದು ಎಂದೇ ನಾನು ಭಾವಿಸುತ್ತೇನೆ.

ಇಷ್ಟು ಹೇಳಿದೊಡನೆ ಈ ಲೇಖಕನು ಯಂತ್ರದ್ವೇಷಿಯೆಂದು ವಾಚಕರು ಎಣಿಸಬಾರದು. ನಮ್ಮ ನಾಡಿನ ಸಣ್ಣ ಸೇವಾಸಂಸ್ಥೆಗಳ ಕಚೇರಿಯನ್ನು ಕಂಡವರಿಗೆ ಈ ಯಂತ್ರದ ಉಪಕಾರ ಎಂಥದೆಂಬುದು ಬೇಗ ಹೊಳೆಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಒಂದು ಬಾಡಿಗೆಯ ಕೊಠಡಿ, ಮೂವರು ಕಾರ್ಯಕರ್ತರು, ಅವರಲ್ಲಿ ಒಬ್ಬರಿಗೆ ಮಾತ್ರ ಒಂದಿಷ್ಟು ಇಂಗ್ಲಿಷು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದ ಮೇಲೆ ಹಣದ ಬಾಗಿಲು ತೆರೆಯಿತು, ನಿಜ. ಅದರೊಡನೆ ಅರ್ಜಿ, ಮುಂಗಡಪತ್ರ, ತ್ರೈಮಾಸಿಕ ವರದಿ, ಇವುಗಳ ಹೊರೆಯೂ ಬಂದಿತು. ಹಗಲೆಲ್ಲ ಹಳ್ಳಿ ಸುತ್ತಿದ ಕಾರ್ಯಕರ್ತೆಯು ರಾತ್ರಿ ದೀಪದ ಮುಂದೆ ಕುಳಿತು ಬಾರದ ಭಾಷೆಯಲ್ಲಿ ವರದಿ ಹೆಣೆಯುವ ಕಷ್ಟವನ್ನು ಈ ಯಂತ್ರವು ತಪ್ಪಿಸಬಲ್ಲದು. ತಾನು ಕಂಡದ್ದನ್ನು ಆಕೆಯು ಕನ್ನಡದಲ್ಲಿ ಹೇಳಿದರೆ ಅದು ಇಂಗ್ಲಿಷಿನಲ್ಲಿ ಕರಡನ್ನು ಸಿದ್ಧಪಡಿಸುತ್ತದೆ. ಕರಡಿನಲ್ಲಿ ತಪ್ಪಿದ್ದರೆ, ನಡೆದ ಸಂಗತಿಯನ್ನು ಬಲ್ಲ ಆಕೆಯ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಹೋಲಿಸಿ ನೋಡಲು ಹೊತ್ತೂ ಇರುತ್ತದೆ. ಇಂಗ್ಲಿಷ್ ಬಲ್ಲ ಇನ್ನೊಬ್ಬರು ಒಮ್ಮೆ ಓದಿದರೆ ಮುಗಿಯಿತು. ಇಂಥ ಕೆಲಸಕ್ಕೆ ಯಂತ್ರವನ್ನು ಬಳಸಬಾರದೆನ್ನುವವರು ಆ ಕೊಠಡಿಯಲ್ಲಿ ಒಂದು ತಿಂಗಳು ಕುಳಿತು ನೋಡಲಿ.

ಕಷ್ಟದಲ್ಲಿರುವವನಿಗೂ ಸಂಸ್ಥೆಗೂ ನಡುವೆ ಯಂತ್ರವನ್ನು ನಿಲ್ಲಿಸುವುದು ಮಾತ್ರ ಬೇರೆಯೇ ಆದ ಕಾರ್ಯ. ಅಲ್ಲಿ ತಪ್ಪನ್ನು ಗುರುತಿಸತಕ್ಕವನು ಯಾರು? ಉತ್ತರವನ್ನು ಪಡೆದವನೇ. ಆದರೆ ಗುರುತಿಸುವ ಶಕ್ತಿ ಅವನಲ್ಲಿದ್ದರೆ ಅವನು ಕೇಳಲು ಬರುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚೆಂಬುದನ್ನು ನಾವು ಮರೆಯಬಾರದು. 2011ರ ಜನಗಣತಿಯಂತೆ ನಾಲ್ಕು ಕೋಟಿಗೂ ಮೀರಿದ ಜನರ ತಾಯಿನುಡಿಯಾದರೂ, ಯಂತ್ರಕ್ಕೆ ಉಣಿಸಲು ದೊರೆತ ಕನ್ನಡ ಬರಹವು ಇಂಗ್ಲಿಷಿನ ಮುಂದೆ ಅತ್ಯಲ್ಪ. ಅದರಲ್ಲಿಯೂ ಬಹುಪಾಲು ಪತ್ರಿಕೆಯ ಭಾಷೆ, ಗ್ರಂಥದ ಭಾಷೆ. ಮನೆಯ ಹಿತ್ತಿಲಿನಲ್ಲಿ ಹೆಂಗಸರು ಆಡುವ ಮಾತು ಅಲ್ಲಿಗೆ ಹೋಗಿ ಸೇರಿದ್ದು ಕಡಮೆ. ಹಳ್ಳಿಯ ಯುವತಿಯೊಬ್ಬಳು ಆರೋಗ್ಯದ ಸಲಹೆ ಕೇಳಿ, ‘ಮೂರು ತಿಂಗಳಿಂದ ಹೊರಗಾಗಿಲ್ಲ’ ಎಂದು ಬರೆದಳೆನ್ನೋಣ. ನಮ್ಮ ಯಾವ ಆಶಾ ಕಾರ್ಯಕರ್ತೆಗೂ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮರುಪ್ರಶ್ನೆಯನ್ನು ಆಕೆ ದನಿ ತಗ್ಗಿಸಿ ಕೇಳಿಯಾಳು. ಯಂತ್ರವಾದರೋ ಮನೆಯಿಂದ ಹೊರಗೆ ಹೋಗಿ ಶುದ್ಧವಾದ ಗಾಳಿಯನ್ನು ಸೇವಿಸುವುದು ಒಳ್ಳೆಯದೆಂದು ಅತ್ಯಂತ ಸೌಜನ್ಯದಿಂದ ತಿಳಿಸೀತು. ಕೇಳಿದರೆ ನಗು ಬರುವ ಸಂಗತಿ. ಆ ಹುಡುಗಿಯ ಪಾಲಿಗೆ ಕಳೆದುಹೋದ ವಾರಗಳನ್ನು ನೆನೆದರೆ ನಗು ಉಳಿಯದು.

ಮಾತಿನಂತೆಯೇ ಚಿತ್ರವೂ. ಕೊಲಂಬಿಯಾ ದೇಶದಲ್ಲಿ 2021ರಲ್ಲಿ ನಡೆದ ಪ್ರತಿಭಟನೆಗಳಲ್ಲಿ ಪೊಲೀಸರು ಎಸಗಿದ ದೌರ್ಜನ್ಯವನ್ನು ಲೋಕಕ್ಕೆ ನೆನಪಿಸಲು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು 2023ರಲ್ಲಿ ಕೆಲವು ಚಿತ್ರಗಳನ್ನು ಪ್ರಚಾರಕ್ಕೆ ಬಳಸಿತು. ಅವು ಯಂತ್ರ ಬರೆದ ಚಿತ್ರಗಳು. ಹಾಗೆಂದು ಅವುಗಳ ಮೇಲೆಯೇ ನಮೂದಿಸಿಯೂ ಇದ್ದಿತು. ಉದ್ದೇಶವೂ ಒಳ್ಳೆಯದೇ: ಪ್ರತಿಭಟಿಸಿದವರ ಮುಖ ಬಯಲಾಗಿ ಅವರಿಗೆ ಕೇಡಾಗಬಾರದೆಂಬುದು. ಆದರೆ ಚಿತ್ರದಲ್ಲಿ ಆ ದೇಶದ ಬಾವುಟದ ಬಣ್ಣಗಳೇ ಕ್ರಮ ತಪ್ಪಿದ್ದವು. ಪೊಲೀಸರ ಸಮವಸ್ತ್ರ ಹಳೆಯ ಕಾಲದ್ದಾಗಿತ್ತು. ಛಾಯಾಗ್ರಾಹಕರು ಪ್ರಾಣವನ್ನು ಪಣವಾಗಿಟ್ಟು ತೆಗೆದ ನಿಜವಾದ ಚಿತ್ರಗಳಿರುವಾಗ ಇವೇಕೆ ಎಂಬ ಟೀಕೆ ಎದ್ದು, ಸಂಸ್ಥೆಯು ಅವನ್ನು ಹಿಂತೆಗೆದುಕೊಂಡಿತು. ನಡೆದದ್ದು ನಡೆಯಲೇ ಇಲ್ಲವೆಂದು ಸಾಧಿಸಲು ಕಾದು ಕುಳಿತವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇನ್ನಾವುದು ಬೇಕು? ಅನಾಥ ಮಕ್ಕಳ ಕಣ್ಣೀರಿನ ಚಿತ್ರವನ್ನು ಯಂತ್ರದಿಂದ ಬರೆಯಿಸಿ ದೇಣಿಗೆಯ ಕರಪತ್ರಕ್ಕೆ ಅಂಟಿಸಬಯಸುವ ನಮ್ಮವರೂ ಇದನ್ನು ಯೋಚಿಸಬೇಕು. ಆ ಮಗು ಎಲ್ಲಿದೆಯೆಂದು ದಾನಿಯೊಬ್ಬನು ಕೇಳಿದರೆ ತೋರಿಸುವುದು ಯಾರನ್ನು?

ಇನ್ನು ಗುಟ್ಟಿನ ಮಾತು. ಸಂಸ್ಥೆಯ ಕಡತಗಳಲ್ಲಿ ಗಂಡನ ಹೊಡೆತ ತಿಂದವರ ಹೇಳಿಕೆಗಳಿವೆ, ಸಾಲದಿಂದ ಊರು ಬಿಟ್ಟವರ ವಿಳಾಸಗಳಿವೆ. ಎಚ್.ಐ.ವಿ. ಸೋಂಕು ತಗುಲಿದವರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಕಾಯಿದೆಯೇ ನಿಷೇಧಿಸಿದೆ. ಸಂಕ್ಷೇಪ ಮಾಡಿಕೊಡೆಂದು ಇಂಥ ಕಡತವನ್ನು ಇಡಿಯಾಗಿ ಯಂತ್ರಕ್ಕೆ ಒಪ್ಪಿಸಿದರೆ, ಅದು ಹೋಗುವುದು ಮೇಜಿನ ಮೇಲಿನ ಪೆಟ್ಟಿಗೆಗಲ್ಲ. ಬೇರೆ ಊರಿನಲ್ಲಿ, ಹಲವು ವೇಳೆ ಬೇರೆ ದೇಶದಲ್ಲಿ, ಬೇರೊಬ್ಬರ ಗಣಕಗಳಿಗೆ. ಬಿಟ್ಟಿಯಾಗಿ ದೊರೆಯುವ ಯಂತ್ರಗಳಲ್ಲಿ ಹಲವು, ನಾವು ತಡೆಯದ ಹೊರತು, ನಮ್ಮ ಮಾತನ್ನು ತಮ್ಮ ಮುಂದಿನ ತರಬೇತಿಗೂ ಬಳಸಿಕೊಳ್ಳಬಲ್ಲವು. ಹೆಸರನ್ನು ಹೊಡೆದುಹಾಕಿದರೆ ಸಾಕೆನ್ನುವವರಿದ್ದಾರೆ. ನೂರು ಮನೆಯ ಹಳ್ಳಿಯಲ್ಲಿ ‘ಎರಡು ಹೆಣ್ಣುಮಕ್ಕಳಿರುವ ವಿಧವೆ ಅಂಗನವಾಡಿ ಸಹಾಯಕಿ’ ಎಂದಮೇಲೆ ಹೆಸರೇಕೆ ಬೇಕು? ಅಮೆರಿಕದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಎಂಬ ಸಂಸ್ಥೆಯು ಆತ್ಮಹತ್ಯೆಯ ಅಂಚಿನಲ್ಲಿ ನಿಂತವರೊಡನೆ ನಡೆದ ಸಂಭಾಷಣೆಗಳನ್ನು ಹೆಸರು ತೆಗೆದು ಒಂದು ವ್ಯಾಪಾರಿ ಕಂಪನಿಯೊಡನೆ ಹಂಚಿಕೊಂಡಿದ್ದಿತು. ಆ ಕಂಪನಿಯ ಕಸುಬು ಗಿರಾಕಿಗಳ ದೂರುಗಳಿಗೆ ಉತ್ತರಿಸುವ ತಂತ್ರಾಂಶವನ್ನು ಮಾಡುವುದು. ಬರೆಯುವ ಯಂತ್ರಗಳ ಭರಾಟೆಗೆ ಮುಂಚಿನ ಸಂಗತಿ ಇದು. 2022ರ ಜನವರಿಯಲ್ಲಿ ವಿಷಯ ಪತ್ರಿಕೆಯಲ್ಲಿ ಬಂದ ಕೆಲವೇ ದಿನಗಳಲ್ಲಿ ಸಂಸ್ಥೆಯು ಆ ಏರ್ಪಾಟನ್ನು ಕೈಬಿಟ್ಟಿತು. ಹೆಸರು ತೆಗೆದಿದ್ದೆವೆಂಬ ಸಮಾಧಾನವು ಯಾರಿಗೂ ಸಮಾಧಾನವಾಗಲಿಲ್ಲ.

ಹಾಗಾದರೆ ಸಂಭಾಷಣಾ ಯಂತ್ರವನ್ನು ಜನರ ಮುಂದೆ ಇಡಲೇಬಾರದೆ? ಲಸಿಕೆಯ ದಿನ ಯಾವುದು, ಪಡಿತರ ಚೀಟಿಗೆ ಯಾವ ಕಾಗದ ಬೇಕು ಎಂಬಂಥ ಪ್ರಶ್ನೆಗಳಿಗೆ, ಟೆಸ್ಸಾ ಮೊದಲು ಮಾಡುತ್ತಿದ್ದಂತೆ, ಬಲ್ಲವರು ಬರೆದಿಟ್ಟ ಉತ್ತರವನ್ನೇ ಎತ್ತಿಕೊಡುವ ಯಂತ್ರ ಸಾಕಾದೀತು. ವಾಕ್ಯ ಕಟ್ಟುವ ಜಾಣತನ ಅಲ್ಲಿ ಅನಾವಶ್ಯಕ. ಅದಕ್ಕೂ ಮೀರಿದ್ದು ಬೇಕೆನ್ನುವ ಸಂಸ್ಥೆಯು ಕರಾರುಪತ್ರದಲ್ಲಿ ಒಂದು ಸಾಲನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು: ತಮಗೆ ತಿಳಿಸಿ ಲಿಖಿತ ಒಪ್ಪಿಗೆಯನ್ನು ಪಡೆಯದೆ, ಮತ್ತೆ ಪರೀಕ್ಷಿಸದೆ, ಯಂತ್ರದಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದೆಂದು.

ಪರೀಕ್ಷಿಸತಕ್ಕವರು ಯಾರೆಂಬುದೂ ಮುಖ್ಯ. ಟೆಸ್ಸಾದ ದೋಷವನ್ನು ಮೊದಲು ಸಾರ್ವಜನಿಕವಾಗಿ ಎತ್ತಿ ತೋರಿಸಿದವರು ಕಂಪನಿಯ ಎಂಜಿನಿಯರಲ್ಲ, ಸಂಸ್ಥೆಯ ಅಧಿಕಾರಿಯೂ ಅಲ್ಲ. ಆ ನೋವನ್ನು ಉಂಡಿದ್ದ ಒಬ್ಬರು. ಅಂಥ ಹತ್ತು ಮಂದಿಯನ್ನು ಮೊದಲೇ ಕರೆದು, ದಿನಗೂಲಿ ಕೊಟ್ಟು, ಅವರವರ ಆಡುಮಾತಿನಲ್ಲಿಯೇ ಯಂತ್ರವನ್ನು ಕಾಡಿಸಿ ನೋಡೆಂದು ಒಂದು ವಾರ ಕೂರಿಸಿದ್ದರೆ ಮೇ 30ರ ಅವಮಾನ ಬಹುಶಃ ತಪ್ಪುತ್ತಿತ್ತು. ಆಮೇಲೆಯೂ ದಿನದಿನದ ಸಂಭಾಷಣೆಗಳನ್ನು ಓದಿ, ದಾರಿ ತಪ್ಪಿದ್ದನ್ನು ಹಿಡಿದು, ಆ ಮನುಷ್ಯನಿಗೆ ಅದೇ ದಿನ ದೂರವಾಣಿ ಮಾಡುವ ಒಬ್ಬರು ಇರಲೇಬೇಕು. ಹಾಗೆ ಓದಲಾಗುವುದೆಂದು ಬರೆಯುವವರಿಗೆ ಮೊದಲೇ ತಿಳಿಸಿಯೂ ಇರಬೇಕು. ಇದಕ್ಕೆ ಸಂಬಳ ಬೇಕು. ಯಂತ್ರವನ್ನು ತಂದದ್ದೇ ಸಂಬಳ ಉಳಿಸಲೆಂದು ಎನ್ನುವವರಿಗೆ ಈ ಮಾತು ರುಚಿಸಲಾರದು; ದಾನ ಕೊಡುವ ಕಂಪನಿಗಳಿಗೂ, ಯಂತ್ರ ಕೊಳ್ಳಲು ಕೊಟ್ಟಷ್ಟು ಹುರುಪಿನಿಂದ ಅದು ಆಡಿದ್ದನ್ನು ಓದುವ ಒಬ್ಬ ಹೆಣ್ಣುಮಗಳ ತಿಂಗಳ ಸಂಬಳಕ್ಕೆ ಕೊಡಲು ಮನಸ್ಸು ಬರುವುದು ಕಷ್ಟ. ಮುಂದಿನ ಅರ್ಜಿಯನ್ನು ಬರೆಯುವಾಗ ಮುಂಗಡಪತ್ರದ ಮೊದಲ ಸಾಲಿನಲ್ಲಿಯೇ ಆ ಸಂಬಳವನ್ನು ನಮೂದಿಸಿ ನೋಡಲಿ; ಅದನ್ನು ಹೊಡೆದುಹಾಕಿ ಯಂತ್ರಕ್ಕೆ ಮಾತ್ರ ಹಣ ಕೊಡುತ್ತೇವೆನ್ನುವ ದಾನಿಗೆ, ಸ್ವಾಮಿ, ಯಂತ್ರವೂ ಬೇಡವೆಂದು ಬರೆದು ಕಳುಹಿಸಬಹುದು. ಆ ಕಾಗದದ ಕರಡನ್ನು ಬೇಕಾದರೆ ಯಂತ್ರವೇ ಬರೆದುಕೊಡಲಿ.