ಕಾಯೋದೇ ಡ್ಯೂಟಿ

ನಮ್ಮ ಉಚ್ಚಂಗಿದುರ್ಗದ ಕೋಟೆ ನೋಡಿದಾಗೆಲ್ಲ ನನಗೆ ನೆನಪಾಗೋದು ಕಾಳಗ ಅಲ್ಲ, ಕಾವಲಿನವರು. ವರ್ಷದಾಗ ಯಾವತ್ತೋ ಒಂದಿನ ಯುದ್ಧ; ಉಳಿದ ದಿನ ಆಕಳಿಸೋದು. ಆ ಆಕಳಿಕೆ ಮೇಲೇ ಕಟ್ಟಿದ ನಾಟಕ ‘ಮಿಸ್ಟರ್ ರಾಬರ್ಟ್ಸ್’. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಥಾಮಸ್ ಹೆಗೆನ್ 1946ರಲ್ಲಿ ಕಾದಂಬರಿ ಬರೆದ. 1948ರಲ್ಲಿ ಅದು ಬ್ರಾಡ್‌ವೇ ರಂಗಕ್ಕೆ ಬಂತು, ಹೆನ್ರಿ ಫೋಂಡಾ ನಾಯಕ.

ಹಡಗು ಬರೀ ಸಾಮಾನು ಸಾಗಿಸೋದು. ಶತ್ರುವಿನ ಮುಖವೇ ಕಾಣಲ್ಲ. ಕ್ಯಾಪ್ಟನ್‌ಗೆ ಒಂದು ತಾಳೆ ಗಿಡದ ಮೇಲೆ ಪ್ರಾಣ. ರಾಬರ್ಟ್ಸ್ ಟ್ರಾನ್ಸ್‌ಫರ್ ಅರ್ಜಿ ಬರೆದೂ ಬರೆದೂ ಸುಸ್ತು, ಕ್ಯಾಪ್ಟನ್ ಬಿಡೋದೇ ಇಲ್ಲ. (ನಿಮ್ಮ ಆಫೀಸ್ ನೆನಪಾಯ್ತಾ?) ಕೊನೆಗೆ ಹುಡುಗರೇ ಕ್ಯಾಪ್ಟನ್ ಸಹಿ ಫೋರ್ಜರಿ ಮಾಡಿ ಅವನನ್ನ ಯುದ್ಧಕ್ಕೆ ಕಳಿಸ್ತಾರೆ. ಆಮೇಲೆ ಕಾಗದ ಬರುತ್ತೆ: ಕಾಫಿ ಕುಡೀತಾ ಕೂತಿದ್ದಾಗ ಆತ್ಮಾಹುತಿ ವಿಮಾನದ ದಾಳಿಗೆ ರಾಬರ್ಟ್ಸ್ ಸತ್ತ. ಅಷ್ಟೊತ್ತು ನಕ್ಕವರ ಗಂಟಲು ಕಟ್ಟುತ್ತೆ.

1965ರಲ್ಲಿ ಎನ್‌ಬಿಸಿ ಇದನ್ನ ವಾರದ ಧಾರಾವಾಹಿ ಮಾಡ್ತು. ಒಂದೇ ಸೀಸನ್‌ಗೆ ಮುಗೀತು. ನನಗನ್ನಿಸೋದು, ತೊಂದರೆ ಕಥೆಯಲ್ಲೇ ಇತ್ತು. ರಾಬರ್ಟ್ಸ್‌ಗೆ ಟ್ರಾನ್ಸ್‌ಫರ್ ಸಿಕ್ರೆ ಧಾರಾವಾಹಿನೇ ಇಲ್ಲ. ಹಾಗಾಗಿ ವಾರವಾರ ಅವನು ಅದೇ ಹಡಗಲ್ಲಿ ಇರಲೇಬೇಕು. ಸಾವಿಲ್ಲದ ಮೇಲೆ ನಗುಗೆ ತೂಕ ಎಲ್ಲಿಂದ?

ರಜೆಗೆ ಬಂದ ಮಿಲಿಟರಿ ಗೆಳೆಯನಿಗೆ ಕಥೆ ಹೇಳಿದೆ. “ಕಾಯೋದೇ ಡ್ಯೂಟಿ ಕಣಪ್ಪಾ. ಗುಂಡಿನ ಸದ್ದು ಅಪರೂಪ. ಆದ್ರ ಅದು ಯಾವಾಗ ಅಂತ ಗೊತ್ತಿರಲ್ಲ, ಅದಕ್ಕ ಬೇಜಾರು ಅಂದ್ರೂ ನಿದ್ದಿ ಬರಲ್ಲ” ಅಂದ.

1984ರಲ್ಲಿ ಎನ್‌ಬಿಸಿನೇ ಮೂಲ ನಾಟಕವನ್ನ ಲೈವ್ ಆಗಿ ತೋರಿಸ್ತು. ನೋಡೋದಾದ್ರೆ ಅದನ್ನ ಹುಡುಕಿ.