ಮನೆಯ ಮರ್ಯಾದೆಯೂ ಕರೆಯದ ಕರೆಗಳೂ

ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ವ್ಯಾಪಾರಕ್ಕೂ ಒಂದು ನಡತೆಯಿದ್ದಿತು. ಬಳೆಗಾರನು ಬೀದಿಯಲ್ಲಿ ಕೂಗುತ್ತ ಬರುವನು. ಮನೆಯೊಡತಿಯು ಕರೆದರೆ ಕಟ್ಟೆಯ ಮೇಲೆ ಮಲಾರವನ್ನಿಳುಹಿ ಕುಳಿತುಕೊಳ್ಳುವನು. ಕರೆಯದಿದ್ದರೆ ಮುಂದಿನ ಮನೆಗೆ ನಡೆಯುವನು. ಬೇಡವೆಂದ ಮೇಲೆ ಮತ್ತೆ ಕದ ತಟ್ಟುವುದು ಮರ್ಯಾದೆಯಲ್ಲವೆಂಬುದನ್ನು ಅವನಿಗೆ ಯಾರೂ ಕಾನೂನಿನ ಪುಸ್ತಕವನ್ನು ತೆರೆದು ಕಲಿಸಬೇಕಾಗಿರಲಿಲ್ಲ. ಈಗಿನ ವ್ಯಾಪಾರಿಯಾದರೋ ಕಟ್ಟೆಯನ್ನೂ ಪಡಸಾಲೆಯನ್ನೂ ಲೆಕ್ಕಿಸದೆ, ಮೊಬೈಲಿನ ಮುಖಾಂತರ ನೆಟ್ಟಗೆ ಅಡುಗೆಯ ಮನೆಗೂ ದೇವರ ಕೋಣೆಗೂ ರೋಗಿಯ ಹಾಸಿಗೆಯ ಬಳಿಗೂ ನುಗ್ಗುತ್ತಾನೆ. ಒಬ್ಬನು ಸಾಲ ಕೊಡುವೆನೆನ್ನುತ್ತಾನೆ, ಇನ್ನೊಬ್ಬನು ಬೆಂಗಳೂರಿನಲ್ಲಿ ನಿವೇಶನ ಮಾರುವೆನೆನ್ನುತ್ತಾನೆ, ಮತ್ತೊಬ್ಬನು ವಿಮೆಯ ಮಾತೆತ್ತುತ್ತಾನೆ. ಅದೂ ಹಲವು ಸಲ ಹಿಂದಿಯಲ್ಲಿ. ಕನ್ನಡವಲ್ಲದೆ ಬೇರೊಂದು ನುಡಿಯನ್ನರಿಯದ ಅಜ್ಜಿಯೊಬ್ಬಳು ಒದ್ದೆಗೈಯನ್ನು ಸೆರಗಿಗೊರಸಿಕೊಂಡು ಓಡಿ ಬಂದು ಆ ಮಾತನ್ನು ಆಲಿಸುತ್ತ ನಿಲ್ಲುವಳು. ದೂರದ ಮಗನ ಕರೆಯಿರಬಹುದೆಂದು ಓಡಿ ಬಂದವಳು ಆಕೆ.

ಇದಕ್ಕೆ ಕೆಲವರು ಹೇಳುವ ಸಮಾಧಾನವೇನೆಂದರೆ, ಬೇಡವಾದ ಕರೆಯನ್ನು ಕಡಿದುಬಿಟ್ಟರಾಯಿತು, ಕಳೆದುಕೊಳ್ಳುವುದೇನು, ಎಂಬುದು. ಕಳೆದುಕೊಳ್ಳುವುದು ಅಲ್ಪವಲ್ಲ. ದಿನವೂ ಮೋಸ ಹೋದ ಕಿವಿಯು ಕಡೆಗೆ ನಿಜವಾದ ಕರೆಯನ್ನೂ ನಂಬದೆ ಹೋಗುತ್ತದೆ. ಗುರುತಿಲ್ಲದ ಸಂಖ್ಯೆಯನ್ನು ಕಂಡೊಡನೆ ಮೊಬೈಲನ್ನು ಮಗುಚಿಡುವ ಅಭ್ಯಾಸವು ಎಷ್ಟೋ ಮನೆಗಳಲ್ಲಿ ಬೇರೂರಿದೆ; ಆ ಗುರುತಿಲ್ಲದ ಸಂಖ್ಯೆಯು ಆಸ್ಪತ್ರೆಯದಾಗಿದ್ದರೆ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಪುಣ್ಯವಂತನದಾಗಿದ್ದರೆ, ಗತಿಯೇನು? ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜನಸಮುದ್ರವೇ ಸ್ತಬ್ಧವಾಗಿ ನಿಲ್ಲುತ್ತದೆ. ವರುಷಕ್ಕೊಮ್ಮೆ ಒಂದೇ ಮಾತು ಬರುವುದರಿಂದಲೇ ಆ ಕಾರಣಿಕಕ್ಕೆ ಅಷ್ಟು ಬೆಲೆ. ಗಳಿಗೆಗೊಂದು ಕಾರಣಿಕವಾದರೆ ಕೇಳುವವರಾರು!

ಸರ್ಕಾರವು ಸುಮ್ಮನೆ ಕುಳಿತಿದೆಯೆಂದು ಹೇಳಿದರೆ ಸುಳ್ಳಾದೀತು. 2007ರಲ್ಲಿ ಕರೆ ಬೇಡವೆನ್ನುವವರ ಹೆಸರುಗಳನ್ನು ಬರೆದಿಡುವ ಒಂದು ರಾಷ್ಟ್ರೀಯ ಪಟ್ಟಿಯ ಏರ್ಪಾಡಾಯಿತು. 2010ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅದನ್ನು ತಿದ್ದಿ ಹೊಸ ನಿಯಮಗಳನ್ನು ರಚಿಸಿತು. 2018ರಲ್ಲಿ ಮತ್ತೊಮ್ಮೆ ರಚಿಸಿತು. 2025ರಲ್ಲಿ ಅವುಗಳಿಗೆ ತಿದ್ದುಪಡಿಯನ್ನು ತಂದಿತು. 1909 ಎಂಬ ಸಂಖ್ಯೆಗೆ ಕರೆ ಮಾಡಿ, ಬೇಡವೆಂದು ನೋಂದಾಯಿಸಿಕೊಳ್ಳಬಹುದು. ಬ್ಯಾಂಕು, ನಿವೇಶನ, ವಿದ್ಯಾಭ್ಯಾಸ, ಆರೋಗ್ಯ ಮೊದಲಾದ ಎಂಟು ಬಗೆಯ ಸರಕುಗಳಲ್ಲಿ ಯಾವುದು ಬೇಕು ಯಾವುದು ಬೇಡವೆಂದೂ ಆರಿಸಬಹುದು. ಪ್ರಚಾರದ ಕರೆಗಳು 140ರಿಂದ ಮೊದಲಾಗುವ ಸಂಖ್ಯೆಗಳಿಂದಲೇ ಬರತಕ್ಕದ್ದೆಂದೂ ಕಟ್ಟಳೆಯಿದೆ. ಇಷ್ಟೆಲ್ಲ ಇದ್ದೂ ಉಪದ್ರವವು ನಿಂತಿಲ್ಲವೇಕೆ?

ಏಕೆಂದರೆ ಈ ಕಟ್ಟಳೆಯ ತಳಹದಿಯೇ ವಕ್ರವಾಗಿದೆ. ಬೇಡವೆಂದು ಹೇಳುವ ಹೊರೆಯನ್ನು ಅದು ಗೃಹಸ್ಥನ ತಲೆಯ ಮೇಲೆ ಹೊರಿಸಿದೆಯೇ ಹೊರತು, ಬೇಕೇ ಎಂದು ಕೇಳುವ ಹೊರೆಯನ್ನು ವರ್ತಕನ ತಲೆಯ ಮೇಲೆ ಹೊರಿಸಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನು ಒಪ್ಪಿದವನೆಂದೇ ಅದರ ಎಣಿಕೆ. ಮೌನವು ಸಮ್ಮತಿಯೆಂಬ ಹಳೆಯ ಮಾತನ್ನು ಮದುವೆಯ ಮಾತುಕತೆಯಲ್ಲಿ ಆಡಿದರೂ ಆಡಬಹುದು, ಲೇವಾದೇವಿಯಲ್ಲಿ ಆಡತಕ್ಕದ್ದಲ್ಲ. ತನ್ನ ಮನೆಗೆ ಯಾರೂ ನುಗ್ಗಬಾರದೆಂದು ಪ್ರತಿಯೊಬ್ಬ ಗೃಹಸ್ಥನೂ ಚಾವಡಿಗೆ ಹೋಗಿ ಅರ್ಜಿ ಬರೆದುಕೊಡಬೇಕು, ಬರೆದುಕೊಡದವನ ಮನೆಗೆ ನುಗ್ಗಬಹುದು, ಎಂದು ಡಂಗುರ ಹೊಡೆಯಿಸಿದರೆ ಊರವರು ನಗುವರು. ದೂರವಾಣಿಯ ವಿಷಯದಲ್ಲಿ ಅದೇ ಡಂಗುರ ನಡೆದಿದೆ, ಯಾರೂ ನಗುತ್ತಿಲ್ಲ. ಇನ್ನು ನೋಂದಣಿಯಾಗದೆ ಸಾಮಾನ್ಯ ಹತ್ತಂಕೆಯ ಸಂಖ್ಯೆಯಿಂದಲೇ ಕರೆಯುವ ಧೂರ್ತರ ಪಾಡು ಬೇರೆ. ದೂರು ಕೊಡಲು ಮೊದಲು ಮೂರು ದಿನಗಳ ಗಡುವಿತ್ತು, 2025ರ ತಿದ್ದುಪಡಿಯಿಂದ ಏಳು ದಿನಗಳಾದುವು. ಹತ್ತು ದಿನಗಳೊಳಗೆ ಐದು ದೂರುಗಳು ಬಂದರೆ ಅಂಥವನ ಮೇಲೆ ಕ್ರಮ ನಡೆಯುತ್ತದೆ. ಹಿಂದೆ ಏಳು ದಿನಗಳಲ್ಲಿ ಹತ್ತು ದೂರುಗಳು ಬೇಕಾಗಿದ್ದುವೆಂಬುದನ್ನು ನೆನೆದರೆ ಇದು ಸುಧಾರಣೆಯೇ ಸರಿ. ಆದರೆ ಒಂದು ಮನೆಗೆ ನುಗ್ಗಿದವನನ್ನು ಹಿಡಿಯಲು ಐದು ಮನೆಗಳವರು ಕೂಗಿಕೊಳ್ಳಬೇಕೆಂಬ ನ್ಯಾಯವು ಯಾವ ಧರ್ಮಶಾಸ್ತ್ರದ್ದೋ ತಿಳಿಯದು.

ಬೇರೆ ದಾರಿಯಿಲ್ಲವೆನ್ನುವವರು ಜರ್ಮನಿಯ ಕಡೆಗೆ ನೋಡಬೇಕು. ಅಲ್ಲಿ ಗೃಹಸ್ಥನು ಮುಂಚಿತವಾಗಿ ಸ್ಪಷ್ಟವಾಗಿ ಒಪ್ಪಿದ ಹೊರತು ಪ್ರಚಾರಕ್ಕಾಗಿ ಕರೆಯುವುದೇ ಅಪರಾಧ, ಕರೆದವನಿಗೆ ಭಾರಿಯಾದ ದಂಡ. ಅದರಿಂದ ಆ ದೇಶದ ವ್ಯಾಪಾರವೇನೂ ಮುಳುಗಿಹೋಗಿಲ್ಲ.

ಕನ್ನಡಿಗರಿಗಂತೂ ಈ ವಿಷಯವು ಹೊಸದಾಗಿರಬಾರದು. 1988ರಲ್ಲಿ ದೂರವಾಣಿಗಳನ್ನು ಕದ್ದು ಕೇಳಿದ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಅಧಿಕಾರವನ್ನು ಬಿಟ್ಟಿಳಿದರು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆಯಲ್ಲಿಯೋ ಕಚೇರಿಯಲ್ಲಿಯೋ ಏಕಾಂತವಾಗಿ ದೂರವಾಣಿಯಲ್ಲಿ ಮಾತನಾಡುವುದು ಮನುಷ್ಯನ ಖಾಸಗಿ ಬದುಕಿನ ಅಂಗವೆಂದು ಹೇಳಿತು. ಅದಕ್ಕಿಂತಲೂ ಹಿರಿದಾದ ಕೀರ್ತಿಯು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರದು. ಮೊಮ್ಮಕ್ಕಳೊಡನೆ ಕುಳಿತು ಕಾಲ ಕಳೆಯಬಹುದಾಗಿದ್ದ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರದ ಏರ್ಪಾಡನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಾಭಿಪ್ರಾಯದಿಂದ ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಮರುವರುಷದ ಸೆಪ್ಟೆಂಬರಿನ ತೀರ್ಪಿನಲ್ಲಿ ಆಧಾರವು ಉಳಿಯಿತಾದರೂ ಮೊಬೈಲಿನ ಸಂಖ್ಯೆಯನ್ನು ಅದಕ್ಕೆ ಜೋಡಿಸಲೇಬೇಕೆಂಬ ಬಲವಂತವು ಬಿದ್ದುಹೋಯಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆ ಹಿರಿಯರು ತೀರಿಕೊಂಡರು. ಅವರು ಗಳಿಸಿಕೊಟ್ಟ ಹಕ್ಕನ್ನು ಅಂಗಡಿಯ ಕಟ್ಟೆಯ ಮೇಲೆ ಬಿಟ್ಟಿಯಾಗಿ ಚೆಲ್ಲಿ ಬರುವವರು ಯಾರು?

ವಿದ್ಯಾವಂತ ಕುಟುಂಬಗಳೇ ಅಲ್ಲವೇ! ಎರಡು ಗಜ ಬಟ್ಟೆಯನ್ನು ಕೊಂಡರೂ ಅಂಗಡಿಯವನು ಮೊಬೈಲಿನ ಸಂಖ್ಯೆಯನ್ನು ಕೇಳುತ್ತಾನೆ, ಕೊಳ್ಳುವವನು ಗಿಣಿಯಂತೆ ಒಪ್ಪಿಸುತ್ತಾನೆ. ರಶೀದಿ ಬರೆಯುವುದಕ್ಕೆ ಸಂಖ್ಯೆಯನ್ನು ಕೊಡಲೇಬೇಕೆಂದು ಒತ್ತಾಯಿಸಕೂಡದೆಂದು ಕೇಂದ್ರ ಗ್ರಾಹಕ ಇಲಾಖೆಯು 2023ರ ಮೇ ತಿಂಗಳಿನಲ್ಲಿಯೇ ವರ್ತಕರಿಗೆ ತಿಳಿಸಿದೆ. ಆದರೆ ‘ಕೊಡುವುದಿಲ್ಲ’ ಎನ್ನಲು ನಾಲಗೆ ಏಳದು, ಜಿಪುಣನೆಂದೋ ಜಗಳಗಂಟನೆಂದೋ ತಿಳಿದಾರೆಂಬ ಸಂಕೋಚ. ತನ್ನದನ್ನು ಕೊಡುವುದಾದರೂ ಅವರವರ ಇಷ್ಟ; ಪರರದನ್ನು ಕೊಡುವುದಕ್ಕೆ ಅಧಿಕಾರವೆಲ್ಲಿಯದು? ಸಾಲದ ಅರ್ಜಿಯಲ್ಲಿ ಸಾಕ್ಷಿಯೆಂದು ಭಾವಮೈದುನನ ಸಂಖ್ಯೆಯನ್ನು ಅವನನ್ನು ಕೇಳದೆಯೇ ಬರೆಯುವುದುಂಟು. ಮೊಬೈಲಿನಲ್ಲಿ ಯಾವುದೋ ಆ್ಯಪನ್ನು ಇಳಿಸಿಕೊಂಡು, ಅದು ಕೇಳಿದ ಅನುಮತಿಗೆಲ್ಲ ಓದದೆಯೇ ಬೆರಳೊತ್ತಿ, ಇಡೀ ಬಂಧುಬಳಗದ ಹೆಸರುಗಳನ್ನೂ ಸಂಖ್ಯೆಗಳನ್ನೂ ಒಪ್ಪಿಸುವುದುಂಟು. ಸಾಲ ಕೊಡುವ ಆ್ಯಪುಗಳು ಹೀಗೆ ಪಡೆದ ಪಟ್ಟಿಯನ್ನು ಹಿಡಿದು, ಬಾಕಿದಾರನ ನೆಂಟರಿಷ್ಟರಿಗೆಲ್ಲ ಕರೆದು ಅವನ ಮಾನವನ್ನು ಹರಾಜು ಹಾಕಿದ್ದರಿಂದಲೇ, ಗಿರಾಕಿಯ ಮೊಬೈಲಿನ ಸಂಪರ್ಕಗಳ ಪಟ್ಟಿಗೆ ಅವು ಕೈಹಾಕಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ನಿಷೇಧಿಸಬೇಕಾಯಿತು.

‘ಮುಚ್ಚಿಡುವಂಥ ಪಾಪವಿಲ್ಲದವನಿಗೆ ಭಯವೇಕೆ’ ಎಂದು ಕೇಳುವವರಿದ್ದಾರೆ. ಮನೆಗೆ ಬಾಗಿಲಿರುವುದು ಒಳಗೆ ಪಾಪ ನಡೆಯುವುದರಿಂದಲ್ಲ. ಭಯವೇಕೆಂಬುದಕ್ಕೆ ಉತ್ತರವು 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳ ಆಕಾಶವಾಣಿಯ ಭಾಷಣದಲ್ಲಿಯೇ ಕೇಳಿಬಂದಿತು. ಪೋಲೀಸಿನವರ ವೇಷ ತೊಟ್ಟು ವಿಜಯಪುರದ ನಿವಾಸಿಯೊಬ್ಬರನ್ನು ಕರೆದು ಬೆದರಿಸಿದ ವಂಚಕನ ಮಾತುಗಳು ಅಂದು ದೇಶಕ್ಕೆಲ್ಲ ಕೇಳಿಸಿದುವು. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಪ್ರಧಾನಿಗಳೇ ಹೇಳಿದರು. 1930 ಎಂಬ ಸಂಖ್ಯೆಗೆ ದೂರು ಕೊಡಬೇಕೆಂದೂ ತಿಳಿಸಿದರು. ಹೆಸರು, ವಯಸ್ಸು, ಸಂಖ್ಯೆ, ಬ್ಯಾಂಕು ಇವಿಷ್ಟು ಗೊತ್ತಿರುವವನು ಅಪರಿಚಿತನಾಗಿಯೇ ಉಳಿಯುವುದಿಲ್ಲ. ‘ಎಲ್ಲವನ್ನೂ ತಿಳಿದವನು, ಸರ್ಕಾರದವನೇ ಇರಬೇಕು’ ಎಂದು ಮುದುಕರು ನಂಬುವರು. ವರ್ತಕನ ಪಟ್ಟಿಯು ಕಳ್ಳನ ಕೈಗೆ ಸಿಕ್ಕಲು ಬಹಳ ದೂರ ನಡೆಯಬೇಕಾಗಿಲ್ಲ. ಪಿಂಚಣಿಯ ಹಣವನ್ನು, ಮಗಳ ಮದುವೆಗೆಂದು ಕೂಡಿಟ್ಟುದನ್ನು ಕಳೆದುಕೊಂಡವರು ಪಾಪಿಗಳೇನು?

ಕರೆಯುವ ಕೆಲಸದಿಂದ ಎಷ್ಟೋ ಬಡ ಹುಡುಗ ಹುಡುಗಿಯರ ಹೊಟ್ಟೆ ತುಂಬುತ್ತಿದೆಯೆಂಬ ವಾದದಲ್ಲಿ ಸತ್ಯಾಂಶವಿದೆ. ಅವರ ಮೇಲೆ ರೇಗಿ ಕೆಟ್ಟ ಮಾತುಗಳನ್ನಾಡುವುದು ವಿದ್ಯಾವಂತರಿಗೆ ಶೋಭಿಸದು. ದಿನಕ್ಕಿಷ್ಟು ಕರೆಗಳೆಂದು ಎಣಿಸಿ ಕೂಲಿ ಕೊಡುವವನು ತೆರೆಯ ಮರೆಯಲ್ಲಿರುತ್ತಾನೆ. ಕೇಳಬೇಕಾದುದು ಅವನನ್ನು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವು, ಒಪ್ಪಿಗೆಯೆಂಬುದು ಸ್ವತಂತ್ರವಾಗಿಯೂ ನಿರ್ದಿಷ್ಟವಾಗಿಯೂ ಷರತ್ತಿಲ್ಲದುದಾಗಿಯೂ ಇರತಕ್ಕದ್ದೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆಯುವಂತಿರಬೇಕೆಂದೂ ವಿಧಿಸಿದೆ. ದಂಡವು 250 ಕೋಟಿ ರೂಪಾಯಿಗಳವರೆಗೂ ಏರಬಹುದು. ಅದರ ನಿಯಮಗಳು ಹೊರಬರುವುದಕ್ಕೆ 2025ರ ನವೆಂಬರ್ ಬರಬೇಕಾಯಿತು, ಮುಖ್ಯವಾದ ಹೊಣೆಗಳಿಗೆ ಮತ್ತೆ ಹದಿನೆಂಟು ತಿಂಗಳ ವಾಯಿದೆ ಸಿಕ್ಕಿತು. ವರ್ತಕರಿಗೆ ಇಷ್ಟು ಉದಾರವಾದ ವಾಯಿದೆಯನ್ನು ಕೊಟ್ಟ ಸರ್ಕಾರವು, ಒಪ್ಪಿಗೆಯ ಈ ಲಕ್ಷಣವನ್ನೇ ದೂರವಾಣಿಯ ಕರೆಗೂ ಅನ್ವಯಿಸಿ, ಕೇಳದೆ ಕರೆಯುವುದನ್ನೇ ನಿಷೇಧಿಸಲು ಏತಕ್ಕೆ ಹಿಂಜರಿಯಬೇಕು?

ಅಲ್ಲಿಯವರೆಗೆ 1909ರಲ್ಲಿ ನೋಂದಾಯಿಸುವ ಕೆಲಸವನ್ನು ಮನೆಯ ಹುಡುಗರು ಅಜ್ಜ ಅಜ್ಜಿಯರ ಮೊಬೈಲಿನಿಂದಲೇ ಮೊದಲು ಮಾಡಿಕೊಡಬೇಕು. ಕರೆದವನನ್ನು ಬೈಯುವುದಕ್ಕೆ ಬದಲಾಗಿ, ‘ಈ ಸಂಖ್ಯೆಯನ್ನು ನಿಮಗೆ ಕೊಟ್ಟವರಾರು?’ ಎಂಬೊಂದು ಪ್ರಶ್ನೆಯನ್ನು ಅಚ್ಚಗನ್ನಡದಲ್ಲಿ ಕೇಳಿ, ದಿನವನ್ನೂ ಸಂಖ್ಯೆಯನ್ನೂ ಗುರುತು ಹಾಕಿಕೊಂಡು, ಏಳು ದಿನಗಳು ಕಳೆಯುವುದರೊಳಗೆ ದೂರನ್ನು ದಾಖಲು ಮಾಡಬೇಕು. ಹೇಗೂ ಐದು ಮಂದಿ ಬೇಕಲ್ಲವೆ. ಒಂದೊಂದು ಓಣಿಯಲ್ಲಿಯೂ ಐದು ಮನೆಗಳು ಇದ್ದೇ ಇವೆ.