ಹಿಟ್ಟಿನ ಕೋಳಿಯೂ ಸೋಪಿನ ನೊರೆಯೂ

ಕ್ಷೌರದ ಸೋಪಿಗೆ ಪ್ರಾಣಿಕೊಬ್ಬು ಬಳಸಿದರೇನು, ಕ್ಷಾರದೊಡನೆ ಬೆರೆತ ಮೇಲೆ ಅದು ಕೊಬ್ಬಾಗಿ ಉಳಿಯದಲ್ಲ ಎಂಬ ವಾದವೊಂದುಂಟು. ರಸಾಯನಶಾಸ್ತ್ರಕ್ಕೆ ಇದು ಸರಿ, ಧರ್ಮವಿವೇಚನೆಗೆ ಸಾಲದು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಆದರೂ ಆ ಸಂಕಲ್ಪಹಿಂಸೆ ಭವಭವಗಳಲ್ಲಿ ಬೆನ್ನಟ್ಟಿತು.

ಕೃತ, ಕಾರಿತ, ಅನುಮೋದನೆ ಎಂದು ಜೈನಾಚಾರ ಹಿಂಸೆಯ ಹೊಣೆಯನ್ನು ಮೂರು ಬಗೆಯಾಗಿ ಎಣಿಸುತ್ತದೆ. ಸೋಪಿಗಾಗಿ ಯಾರೂ ದನವನ್ನು ಕೊಲ್ಲುವುದಿಲ್ಲ ಎನ್ನುವವರು ಮೊದಲೆರಡರಿಂದ ಪಾರಾದಾರು. ತಿಳಿದೂ ಕೊಂಡವರು ಮೂರನೆಯದರಿಂದ ಪಾರಾಗಲಾರರು.

ತೊಡಕಿರುವುದು ಆ ತಿಳಿವಿನಲ್ಲೇ. ‘ಸೋಡಿಯಂ ಟ್ಯಾಲೋವೇಟ್’ ಪ್ರಾಣಿಕೊಬ್ಬಿನದು, ‘ಸೋಡಿಯಂ ಪಾಮೇಟ್’ ತಾಳೆಎಣ್ಣೆಯದು. ದಟ್ಟ ನೊರೆಗೆ ಬೇಕಾದ ‘ಸ್ಟಿಯರಿಕ್ ಆಮ್ಲ’ವಾದರೋ ಎರಡರಿಂದಲೂ ದೊರೆಯುತ್ತದೆ. ಅನಗವಾಡಿಯಂಥ ಊರಿನ ಕ್ಷೌರದಂಗಡಿಯಲ್ಲಿ ಗಲ್ಲವೊಡ್ಡಿ ಕುಳಿತ ಶ್ರಾವಕನಿಗೆ ಆ ಹೆಸರು ಮೂಲವನ್ನು ತಿಳಿಸದು. ಸಸ್ಯಮೂಲದ ಆಮ್ಲ ಸುಲಭವಾಗಿರುವಾಗ ಮೂಲವನ್ನು ಮರೆಮಾಚುವ ತಯಾರಕ, ಕೊಳ್ಳುವವನ ವ್ರತವನ್ನು ಅವನಿಗರಿವಿಲ್ಲದೆ ಮುರಿಯುತ್ತಾನೆ.